ಹಕ್ಕಿ ತಂದ ಎಲೆಯ ಬಣ್ಣ

ರಾಜೀವಿಯ ಬಲಗೈ ಮುರಿದದ್ದು ಮೇ ತಿಂಗಳ ಮೊದಲ ವಾರದಲ್ಲಿ. ಬೆಳಿಗ್ಗೆ ಮೀನಿನ ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಬಂಗುಡೆ ಮೀನಿನ ಬುಟ್ಟಿ ಎತ್ತಿಕೊಂಡು ತಿರುಗುವಾಗ ಮಂಜುಗಡ್ಡೆ ಕರಗಿದ ನೀರಿಗೆ ಕಾಲು ಜಾರಿತು. ಬುಟ್ಟಿಯನ್ನು ಬಿಟ್ಟಿದ್ದರೆ ಕೈ ಉಳಿಯುತ್ತಿತ್ತೋ ಏನೋ. ಅವಳು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಸುತ್ತುತ್ತಿದ್ದವನಿಗೆ ಒಂದು ಮೀನೂ ನೆಲಕ್ಕೆ ಬೀಳಲಿಲ್ಲ ಎಂದು ಎರಡು ಸಲ ಹೇಳಿದಳಂತೆ.

ತಮ್ಮ ಕಮಲೇಶನ ಅಂಗಡಿ ಅದೇ ದಕ್ಕೆಯ ಎದುರಿನ ಸಾಲಿನಲ್ಲಿತ್ತು. ಬೋಟುಗಳ ಜಿಪಿಎಸ್, ವಯರ್‌ಲೆಸ್, ನೀರಿನಡಿಯ ಮೀನಿನ ಹಿಂಡನ್ನು ಪರದೆಯಲ್ಲಿ ತೋರಿಸುವ ಫಿಶ್ ಫೈಂಡರ್, ಇವುಗಳ ರಿಪೇರಿ ಅವನ ಕೆಲಸ. ಅಪ್ಪ ಕಿಟ್ಟು ಕಡಲಿಗೆ ಹೋದವರು, ಅಮ್ಮ ಮೀನು ಮಾರಿದವಳು, ಇಬ್ಬರೂ ಈಗಿಲ್ಲ. ಅಮ್ಮನ ಬುಟ್ಟಿ ಅಕ್ಕನಿಗೆ ಬಂತು, ಅಪ್ಪನ ಕಡಲು ಮಾತ್ರ ಕಮಲೇಶನಿಗೆ ಬರಲಿಲ್ಲ. ಅವನಿಗೆ ಅಲೆ ಕಂಡರೆ ವಾಂತಿ. ಹಾಗಾಗಿ ದಡದಲ್ಲಿ ಕೂತು ಕಡಲಿನ ಪರದೆಗಳನ್ನು ಸರಿಮಾಡುವವನಾದ.

ಅಕ್ಕನನ್ನು ಶಕ್ತಿನಗರದ ಅವಳ ಮನೆಗೆ ಹೋಗಲು ಬಿಡದೆ ಅವನು ಜೆಪ್ಪುವಿನ ತನ್ನ ಮನೆಗೇ ಕರೆತಂದ. ಅವಳ ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಮಗಳು ಮೋಕ್ಷಾ ನರ್ಸಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದಳು. ಒಂದೇ ಕೈಯಲ್ಲಿ ಅನ್ನ ಬಸಿಯುವುದು ಹೇಗೆ ಎಂದು ಕಮಲೇಶನ ಹೆಂಡತಿ ಯಶ್ಮಿತಾ ಕೇಳಿದಾಗ ರಾಜೀವಿ ಹಠ ಬಿಟ್ಟಳು. ಬಂದಳು.

ಜೂನ್ ನಡುವಿಗೆ ಪ್ಲಾಸ್ಟರ್ ಬಿಚ್ಚಿದರು. ಒಳಗಿನಿಂದ ಹೊರಬಂದ ಕೈ ಅವಳದ್ದೇ ಅಲ್ಲವೆಂಬಂತೆ ಸಣ್ಣಗಾಗಿತ್ತು. ಬೆರಳುಗಳು ಮಡಚುತ್ತಿರಲಿಲ್ಲ. "ಒಣಮೀನಿನ ಹಾಗೆ ಆಗಿದೆ," ಎಂದು ಅವಳೇ ಹೇಳಿದಳು. ಫಿಸಿಯೋಥೆರಪಿಯ ಬೆನಿಟಾ ಒಂದು ರಬ್ಬರ್ ಚೆಂಡು ಕೊಟ್ಟು ದಿನಕ್ಕೆ ನೂರು ಸಲ ಹಿಸುಕಬೇಕು ಎಂದರು. ಚೆಂಡು ಕಿಟಕಿಯ ದಂಡೆಯ ಮೇಲೆ ಕೂತಿತು. ಇಪ್ಪತ್ತೈದು ವರ್ಷ ಶಕ್ತಿನಗರದ ಮನೆಮನೆಗೆ ಮೀನು ಹೊತ್ತು, ನಿಂತಲ್ಲೇ ಕತ್ತರಿಸಿ ಕೊಟ್ಟ ಹೆಂಗಸಿಗೆ ಸುಮ್ಮನೆ ಕೂತು ಚೆಂಡು ಹಿಸುಕುವುದೆಂದರೆ ನಾಚಿಕೆಯ ಕೆಲಸವಾಗಿ ಕಂಡಿತು.

ಎರಡನೇ ವಾರ ಬೆನಿಟಾ ಬೆರಳುಗಳನ್ನು ಮುಟ್ಟಿ ನೋಡಿದ ಕೂಡಲೇ ಚೆಂಡಿನ ಕತೆ ಗೊತ್ತುಮಾಡಿಕೊಂಡರು. ಬೈಯಲಿಲ್ಲ. ಬೆರಳು ಆಡಿಸುವಂಥದ್ದು ಎಂತಾದರೂ ಇಷ್ಟ ಉಂಟಾ, ಹೂ ಕಟ್ಟುವುದೋ ಹೊಲಿಯುವುದೋ ಎಂದು ಕೇಳಿದರು. ರಾಜೀವಿ ಜೊತೆಗೆ ಬಂದಿದ್ದ ತಮ್ಮನ ಕಡೆ ನೋಡಿ ನಕ್ಕಳು.

"ಒಂದು ಕಾಲದಲ್ಲಿ ಇವನ ಜೊತೆ ಗೇಮ್ ಆಡ್ತಿದ್ದೆ. ಟೀವಿಯಲ್ಲಿ."

ತಮಾಷೆಗೆ ಹೇಳಿದ ಮಾತು. ಬೆನಿಟಾ ತಮಾಷೆ ಮಾಡಲಿಲ್ಲ. ಅದಕ್ಕಿಂತ ಒಳ್ಳೆಯದು ಇಲ್ಲ, ಹೆಬ್ಬೆರಳಿಗೆ ಅದೇ ಬೇಕು, ಒಂದು ಸಲಕ್ಕೆ ಇಪ್ಪತ್ತು ನಿಮಿಷ ಮಾತ್ರ ಎಂದು ಚೀಟಿಯಲ್ಲೇ ಬರೆದುಕೊಟ್ಟರು.

ಆ ಗೇಮಿನ ಪೆಟ್ಟಿಗೆ ಮನೆಗೆ ಬಂದದ್ದು ತೊಂಬತ್ತೆಂಟರಲ್ಲಿ. ಸರಕು ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಜಪಾನಿನ ಯಾವುದೋ ಬಂದರಿನಿಂದ ತಂದಿದ್ದ. ಬೂದು ಬಣ್ಣದ ಪೆಟ್ಟಿಗೆ, ಒಂದು ರಿಮೋಟು, ಕಾಗದದ ಲಕೋಟೆಯಲ್ಲಿ ಒಂದೇ ಒಂದು ಸೀಡಿ. ಆ ಮಾರ್ಚಿನಲ್ಲಿ ಹನ್ನೊಂದು ವರ್ಷದ ಕಮಲೇಶನಿಗೆ ಕಾಮಾಲೆ ಹಿಡಿಯಿತು. ಆರು ವಾರ ಶಾಲೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ. ಬೆಳಗಾಗುವ ಮೊದಲೇ ಅಮ್ಮ ದಕ್ಕೆಗೆ, ಅಪ್ಪ ಕಡಲಿಗೆ. ಗಂಜಿ ಕುಡಿಸಿ, ಅರೆದ ಕಿರುನೆಲ್ಲಿ ನುಂಗಿಸಿ, ಗೋಡೆಗೆ ಒರಗಿಸಿ ಕೂರಿಸಿ ರಾಜೀವಿ ಆ ಪೆಟ್ಟಿಗೆಯನ್ನು ಟೀವಿಗೆ ಜೋಡಿಸುತ್ತಿದ್ದಳು.

ಒಬ್ಬಳು ಪುಟ್ಟ ಹುಡುಗಿ ದೋಣಿ ಹುಟ್ಟುಹಾಕುತ್ತ ದ್ವೀಪದಿಂದ ದ್ವೀಪಕ್ಕೆ ಹೋಗುವ ಆಟ ಅದು. ಪರದೆಯ ತುಂಬ ಜಪಾನಿ ಅಕ್ಷರ, ಒಂದೂ ಅರ್ಥವಾಗುತ್ತಿರಲಿಲ್ಲ. ರಾಜೀವಿ ತಾನೇ ಕತೆ ಕಟ್ಟಿದಳು. ಹುಡುಗಿಗೆ ಬಾಲೆ ಎಂದು ಹೆಸರಿಟ್ಟಳು. ತುಳುವಿನಲ್ಲಿ ಬಾಲೆ ಎಂದರೆ ಮಗು. ಮೊದಲ ದ್ವೀಪದ ಗಡ್ಡದ ಮುದುಕ ಅಜ್ಜೆರ್ ಆದ. ಅಜ್ಜೆರ್ ಏನು ಹೇಳುತ್ತಿದ್ದಾನೆ ಎಂದು ತಮ್ಮ ಕೇಳಿದರೆ, ಇವತ್ತು ಗಾಳಿ ಸರಿಯಿಲ್ಲ, ಊಟ ಮಾಡಿ ಹೋಗು ಅಂತಿದ್ದಾರೆ, ಎನ್ನುವಳು. ಒಂಬತ್ತು ದ್ವೀಪ ದಾಟಿದ ಮೇಲೆ ಕಲ್ಲಿನ ದೊಡ್ಡ ಬಾಗಿಲು. ಬಾಗಿಲಿನ ಮುಂದೆ ನಾಲ್ಕು ದೀಪ. ಒಂದು ಹಕ್ಕಿ ಬಾಯಲ್ಲಿ ಎಲೆ ಕಚ್ಚಿಕೊಂಡು ಬರುತ್ತದೆ, ಬಾಲೆ ಒಂದು ದೀಪ ಹಚ್ಚಬೇಕು, ತಪ್ಪಾದರೆ ಎಲ್ಲ ಆರಿ ಮತ್ತೆ ಮೊದಲಿನಿಂದ. ಅಲ್ಲಿಂದ ಮುಂದೆ ಅವರು ಹೋಗಲೇ ಇಲ್ಲ. ಮಳೆಗಾಲದ ಸಿಡಿಲಿಗೆ ಪೆಟ್ಟಿಗೆ ಸುಟ್ಟಿತು, ಗುಜರಿಗೆ ಹೋಯಿತು.

ಸೀಡಿ ಮಾತ್ರ ರಾಜೀವಿಯ ಮನೆಯ ಕಪಾಟಿನಲ್ಲಿತ್ತು. ಇಷ್ಟು ವರ್ಷ ಅವಳು ಅದನ್ನು ಇಟ್ಟುಕೊಂಡಿದ್ದಾಳೆ ಎಂಬುದೇ ಕಮಲೇಶನಿಗೆ ತಿಳಿದಿರಲಿಲ್ಲ. ಶನಿವಾರ ಬಂದ ಮೋಕ್ಷಾ ಅದನ್ನು ತಂದುಕೊಟ್ಟಳು. ಅವನು ಸೋಪಿನ ನೀರಿನಲ್ಲಿ ತೊಳೆದು, ನಡುವಿನಿಂದ ಅಂಚಿನ ಕಡೆಗೆ ಹತ್ತಿಬಟ್ಟೆಯಲ್ಲಿ ಒರೆಸಿ, ಅಂಗಡಿಯ ಹಳೆಯ ಕಂಪ್ಯೂಟರನ್ನು ಮನೆಗೆ ತಂದು ಅದರಲ್ಲಿ ಹಾಕಿದ. ಡ್ರೈವು ಗೊರಗೊರ ಎಂದು ಅರ್ಧ ಗಂಟೆ ತೆಗೆದುಕೊಂಡರೂ ಪೂರ್ತಿ ಓದಿತು. ಜೂನ್, ಜುಲೈ ಎರಡು ತಿಂಗಳು ಬೋಟುಗಳು ಕಡಲಿಗಿಳಿಯುವಂತಿಲ್ಲ. ದಕ್ಕೆಯಲ್ಲಿ ಕೆಲಸ ಕಡಿಮೆ. ಐದು ಗಂಟೆಗೆಲ್ಲ ಅವನು ಮನೆಯಲ್ಲಿರುತ್ತಿದ್ದ.

ಎಮ್ಯುಲೇಟರ್ ಎಂಬುದು ಕಂಪ್ಯೂಟರಿಗೆ ಹಳೆಯ ಗೇಮ್ ಪೆಟ್ಟಿಗೆಯ ವೇಷ ಹಾಕಿಸುವ ಒಂದು ಪ್ರೋಗ್ರಾಂ. ಅದು ಅವನಿಗೆ ಹೊಸದು. ಎರಡು ಸಂಜೆ ಓದಿ, ಹೊಸ ಕಂಟ್ರೋಲರ್ ಒಂದನ್ನು ಜೋಡಿಸಿ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿದ. ಪರದೆಯಲ್ಲಿ ನೀಲಿ ಕಡಲು ಬಂತು, ಅದರ ಮೇಲೆ ಕೆಂಪು ದೋಣಿ, ದೋಣಿಯಲ್ಲಿ ಹಳದಿ ಅಂಗಿಯ ಬಾಲೆ.

ರಾಜೀವಿ ಕಂಟ್ರೋಲರನ್ನು ತೊಡೆಯ ಮೇಲಿಟ್ಟಳು.

"ಇದು ನಮ್ಮದಲ್ಲ," ಎಂದಳು. "ನಮ್ಮದಕ್ಕೆ ಬಣ್ಣ ಇರಲಿಲ್ಲ."

ಅವನಿಗೂ ನೆನಪಾಯಿತು. ಹೌದು, ಎಲ್ಲ ಕಪ್ಪು ಬಿಳಿ. ಕೇಬಲ್ ಹಾಕಿದರೆ ಬಣ್ಣ ಬರುತ್ತಿದ್ದ ಟೀವಿಯಲ್ಲಿ ಗೇಮು ಮಾತ್ರ ಬೂದುಬೂದಾಗಿ ಕಾಣುತ್ತಿತ್ತು. ಗೇಮೇ ಹಾಗೆ ಎಂದುಕೊಂಡಿದ್ದರು ಇಬ್ಬರೂ. ಇಪ್ಪತ್ತು ವರ್ಷ ಪರದೆಗಳ ಜೊತೆಗೇ ಬದುಕಿದರೂ ಅವನು ಆ ಬಗ್ಗೆ ಮತ್ತೆ ಯೋಚಿಸಿರಲಿಲ್ಲ. ಈಗ ಯೋಚಿಸಿದರೆ ಕಾರಣ ಅಂಗೈಯಷ್ಟು ಸ್ಪಷ್ಟ. ಅದು ಜಪಾನಿನ ಟೀವಿಗೆಂದು ಮಾಡಿದ ಪೆಟ್ಟಿಗೆ. ಅದು ಬಣ್ಣ ಕಳಿಸುತ್ತಿದ್ದ ಕ್ರಮವೇ ಬೇರೆ, ಇಲ್ಲಿಯ ಟೀವಿ ಬಣ್ಣ ಹಿಡಿಯುತ್ತಿದ್ದ ಕ್ರಮವೇ ಬೇರೆ. ಚಿತ್ರ ದಾಟಿ ಬಂತು, ಬಣ್ಣ ದಾರಿಯಲ್ಲೇ ಉಳಿಯಿತು. ಹಾಗೆಂದು ಹೇಳಿದಾಗ ರಾಜೀವಿ ಬಾಲೆಯ ಹಳದಿ ಅಂಗಿಯನ್ನು ತುಂಬಾ ಹೊತ್ತು ನೋಡಿದಳು. ತಾನು ಅದನ್ನು ಬಿಳಿ ಎಂದುಕೊಂಡಿದ್ದೆ, ಸ್ಕೂಲ್ ಯೂನಿಫಾರ್ಮ್ ಎಂದು ಕತೆಯಲ್ಲೂ ಹೇಳಿದ್ದೆ ಎಂದಳು.

ಬಣ್ಣ ದೋಷವಲ್ಲ ಎಂದು ಒಪ್ಪಿಕೊಂಡರೂ ನಿಜವಾದ ದೋಷಗಳು ಬೇರೆ ಇದ್ದವು. ಕಡಲಿನ ತುಂಬ ಕೂದಲೆಳೆಯಂಥ ಗೆರೆಗಳು. ರಾಜೀವಿ ಅವನ್ನು ಬಲೆ ಎಂದೇ ತಿಳಿದು ದೋಣಿಯನ್ನು ಸುತ್ತಿಸಿ ಸುತ್ತಿಸಿ ಒಯ್ಯುತ್ತಿದ್ದಳು. ದೋಣಿಯ ನೆರಳು ಇರಬೇಕಾದಲ್ಲಿ ಒಂದು ಕಪ್ಪು ಚೌಕ. ಕಮಲೇಶ್ ಒಂದೊಂದಾಗಿ ಹಿಡಿದ. ಸಣ್ಣ ಚಿತ್ರವನ್ನು ದೊಡ್ಡ ಪರದೆಗೆಂದು ನಾಲ್ಕು ಪಟ್ಟು ಹಿಗ್ಗಿಸಿದ್ದೇ ಗೆರೆಗಳಿಗೆ ಕಾರಣ. ಚೂರು ಚೂರು ಜೋಡಿಸಿದ ಚಿತ್ರ ಹೊಲಿಗೆಯಲ್ಲಿ ಬಿಟ್ಟುಕೊಂಡಿತ್ತು. ಮೂಲ ಅಳತೆಗೆ ಇಳಿಸಿದ ಮೇಲೆ ಗೆರೆ ಹೋಯಿತು. ನೆರಳು ಹಾಗೇ ಉಳಿಯಿತು. ಆಟಕ್ಕೆ ತೊಂದರೆ ಇರಲಿಲ್ಲ, ಬಿಟ್ಟರು.

ದಿನಕ್ಕೆ ಇಪ್ಪತ್ತು ನಿಮಿಷದಂತೆ ಹೋಗಿ, ನಿಲ್ಲಿಸುವಾಗಲೆಲ್ಲ ಆಟವನ್ನು ನಿಂತ ಜಾಗದಲ್ಲೇ ಚಿತ್ರಸಮೇತ ಕಂಪ್ಯೂಟರಿನಲ್ಲಿ ಹಾಗೇ ಹಿಡಿದಿಟ್ಟು, ಮರುದಿನ ಅಲ್ಲಿಂದಲೇ ಮುಂದುವರಿಸಿ, ಹತ್ತು ದಿನದಲ್ಲಿ ಕಲ್ಲಿನ ಬಾಗಿಲಿಗೆ ಬಂದರು. ಹಕ್ಕಿ ಹಾರಿ ಬಂತು. ಅದರ ಬಾಯಲ್ಲಿ ಒಂದು ಕಪ್ಪು ಚೌಕ. ದೀಪಗಳ ಮೇಲೆ ನಾಲ್ಕು ಕಪ್ಪು ಚೌಕ.

ಕಮಲೇಶ್ ಪರದೆಯ ಹತ್ತಿರ ಬಗ್ಗಿದ. ನೆರಳಿನಲ್ಲಿದ್ದ ದೋಷವೇ ಇಲ್ಲೂ ಇತ್ತು. ನೋಡುತ್ತ ನೋಡುತ್ತ ಅವನಿಗೆ ಇನ್ನೊಂದು ಹೊಳೆಯಿತು. ಅಂದು ಕಾಣದೆ ಹೋದದ್ದು ಬಣ್ಣ, ಎಲೆಗಳಿಗೂ ದೀಪಗಳಿಗೂ ಬೇರೆ ಬೇರೆ ಬಣ್ಣ ಇದ್ದಿರಬೇಕು. ಎಲೆಯ ಬಣ್ಣ ಯಾವುದೋ ಆ ಬಣ್ಣದ ದೀಪವನ್ನು ಹಚ್ಚಬೇಕು. ಬಣ್ಣ ಬಾರದ ಅಂದಿನ ಚಿತ್ರದಲ್ಲಿ ನಾಲ್ಕೂ ಒಂದೇ ಬೂದು. ಅಂದು ಎಷ್ಟು ಸಲ ಪ್ರಯತ್ನಿಸಿದರೂ ಬಾಗಿಲು ತೆರೆಯುವ ದಾರಿಯೇ ಇರಲಿಲ್ಲ.



"ನಾನು ನನ್ನ ತಲೆಯದ್ದೇ ದೋಷ ಅಂತ ಇದ್ದೆ," ಎಂದಳು ರಾಜೀವಿ.

ಮುಂದಿನ ಮೂರು ಸಂಜೆ ಅವನು ಆ ಕಪ್ಪು ಚೌಕಗಳ ಬೆನ್ನು ಹತ್ತಿದ. ಗ್ರಾಫಿಕ್ಸ್ ಡ್ರೈವರನ್ನು ಹೊಸದು ಹಾಕಿದ. ಚಿತ್ರ ಬಿಡಿಸುವ ಬೇರೆ ಬೇರೆ ವಿಧಾನಗಳನ್ನು ಬದಲಿಸಿ ನೋಡಿದ. ಒಂದರಲ್ಲಿ ಇಡೀ ಪರದೆ ಕಪ್ಪಾಯಿತು, ಇನ್ನೊಂದರಲ್ಲಿ ಕಡಲು ಗುಲಾಬಿಯಾಯಿತು. ಗ್ರಾಫಿಕ್ಸ್ ಚಿಪ್ಪನ್ನು ಪೂರ್ತಿ ಬಿಟ್ಟು, ಕಂಪ್ಯೂಟರಿನ ಮುಖ್ಯ ಪ್ರೊಸೆಸರೇ ಚಿತ್ರ ಬಿಡಿಸುವ ಸಾಫ್ಟ್‌ವೇರ್ ವಿಧಾನ ಎಂದೊಂದಿತ್ತು. ನಿಧಾನ, ಆದರೆ ಹಳೆಯ ಪೆಟ್ಟಿಗೆಗೆ ಅತ್ಯಂತ ಹತ್ತಿರದ್ದು ಎಂದು ಎಲ್ಲರೂ ಬರೆದಿದ್ದರು. ಅದನ್ನು ಹಾಕಿ, ಹಿಡಿದಿಟ್ಟ ಜಾಗವನ್ನು ತೆರೆದ. ಹಕ್ಕಿ ಅದೇ ಕಪ್ಪು ಚೌಕ ಕಚ್ಚಿಕೊಂಡು ಬಂತು. ಫಿಶ್ ಫೈಂಡರಿನಲ್ಲಿ ಇಲ್ಲದ ಮೀನು ಕಂಡರೆ ಅವನು ಮೊದಲು ಬೋಟಿನ ಡೈನಮೋ ನಿಲ್ಲಿಸುತ್ತಿದ್ದ, ಆಮೇಲೆ ಪಂಪು, ಆಮೇಲೆ ವಯರ್‌ಲೆಸ್. ಒಂದೊಂದನ್ನೇ ನಿಲ್ಲಿಸುತ್ತ ಹೋದರೆ ಸುಳ್ಳು ಮೀನು ಯಾವುದರಿಂದ ಬಂತೆಂದು ತಿಳಿಯುತ್ತಿತ್ತು. ಇಲ್ಲಿ ಎಲ್ಲವನ್ನೂ ನಿಲ್ಲಿಸಿಯಾಗಿತ್ತು. ದೋಷ ಹೋಗಲಿಲ್ಲ.

ಹಳೆಯ ಟೀವಿಯಲ್ಲಿ ಆ ದೀಪಗಳು ಸರಿಯಾಗಿ ಹೇಗೆ ಕಾಣುತ್ತಿದ್ದವು ಎಂದು ಅಕ್ಕನನ್ನು ಕೇಳಿದ. ಯಾವುದು ದೋಷ, ಯಾವುದು ಅಲ್ಲ ಎಂಬುದಾದರೂ ಗೊತ್ತಾಗಲಿ ಎಂದು. ಅವಳು, ಆಗ ಎಲ್ಲ ಬರೆದಿಟ್ಟಿದ್ದೆ, ಸೀಡಿ ಇದ್ದ ಫೈಲಿನಲ್ಲೇ ಇಕನಾಮಿಕ್ಸ್ ನೋಟ್‌ಬುಕ್ ಉಂಟು, ಅದರ ಹಿಂದಿನ ಹಾಳೆಗಳಲ್ಲಿ, ಎಂದಳು. ಹೇಳಿ ಒಂದು ಕ್ಷಣ ಏನೋ ಯೋಚಿಸಿದಂತೆ ಕಂಡಿತು. ಬೇಡ ಎನ್ನಲಿಲ್ಲ.

ಮರುದಿನ ಮಧ್ಯಾಹ್ನ ಅವನು ಶಕ್ತಿನಗರಕ್ಕೆ ಹೋದ. ಹೇಗೂ ಮುಚ್ಚಿದ ಮನೆಯ ಕಿಟಕಿ ತೆರೆದು ಗಾಳಿಯಾಡಿಸಬೇಕಿತ್ತು. ಕಪಾಟಿನಲ್ಲಿ ಪ್ಲಾಸ್ಟಿಕ್ ಫೈಲು ಸಿಕ್ಕಿತು, ಅದರಲ್ಲಿ ನೋಟ್‌ಬುಕ್. ಮುಂದಿನಿಂದ ಅಕ್ಕನ ದುಂಡು ಅಕ್ಷರದ ಇಕನಾಮಿಕ್ಸ್. ಹಿಂದಿನಿಂದ ಪೆನ್ಸಿಲಿನ ದ್ವೀಪಗಳು, ಯಾವ ದ್ವೀಪದಿಂದ ಯಾವುದಕ್ಕೆ ದಾರಿ, ಎಲ್ಲಿ ಸುಳಿ. ಕಲ್ಲಿನ ಬಾಗಿಲಿಗೇ ಎಂಟು ಹಾಳೆ. ಪ್ರತಿ ಹಾಳೆಯ ಮೇಲೆ ತಾರೀಕು, ಬೆಳಿಗ್ಗೆಯೋ ಸಂಜೆಯೋ, ಯಾವ ದೀಪದ ನಂತರ ಯಾವುದು ಹಚ್ಚಿದ್ದು, ಎಷ್ಟನೆಯದಕ್ಕೆ ತಪ್ಪಾದದ್ದು. 'ಮಾರ್ಚ್ 23, ಬೆಳಿಗ್ಗೆ. ಹಕ್ಕಿ 41 ಸಲ. ಕಮ್ಮು ಇವತ್ತು ಪೂರ್ತಿ ಗಂಜಿ ಕುಡಿದ.' ಕಮ್ಮು ಎಂದರೆ ಅವನೇ.

ಹಾಳೆಗಳ ನಡುವಿನಿಂದ ಒಂದು ಕಾಗದ ಜಾರಿ ಬಿತ್ತು. ದ್ವಿತೀಯ ಪಿಯುಸಿಯ ಹಾಲ್ ಟಿಕೆಟು. ಎರಡು ಜಡೆಯ ರಾಜೀವಿಯ ಫೋಟೋ. ಕೆಳಗೆ ವಿಷಯ, ತಾರೀಕು, ಪಕ್ಕದಲ್ಲಿ ಪರೀಕ್ಷಾ ಕೊಠಡಿಯವರು ಸಹಿ ಹಾಕಬೇಕಾದ ಖಾನೆ. ಇಕನಾಮಿಕ್ಸ್, ಮಾರ್ಚ್ 23, ಬೆಳಿಗ್ಗೆ. ಖಾನೆ ಖಾಲಿ. ಅದರ ಮೇಲಿನದ್ದೂ ಖಾಲಿ, ಕೆಳಗಿನವೂ ಖಾಲಿ. ಒಂದಕ್ಕೂ ಸಹಿ ಇರಲಿಲ್ಲ.

ಕಮಲೇಶ್ ಮಂಚದ ಅಂಚಿನಲ್ಲಿ ಕೂತ. ಅಕ್ಕ ಪಿಯುಸಿ ಫೇಲ್ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅಪ್ಪ ನೆಂಟರ ಮುಂದೆ ಹಾಗೇ ಹೇಳುತ್ತಿದ್ದರು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಡಿಪ್ಲೊಮಾ ಓದುವಾಗ, ಯಾವುದೋ ಸಣ್ಣ ಜಗಳಕ್ಕೆ ಅವನೂ ಹೇಳಿದ್ದ, ಪಿಯುಸಿ ಪಾಸಾಗದವರು ನನಗೆ ಬುದ್ಧಿ ಹೇಳುವುದು ಬೇಡ ಎಂದು. ಅವಳು ಅಂದು ಅವನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದ್ದಳು. ಆ ಮಾತು ಈಗ ಆ ಖಾಲಿ ಮನೆಯಲ್ಲಿ ಮತ್ತೆ ಅವನ ಕಿವಿಗೇ ಬಿತ್ತು. ಕಿಟಕಿ ತೆರೆಯಬೇಕೆಂದು ಬಂದದ್ದು ಅವನಿಗೆ ಮರೆತೇಹೋಯಿತು.

ಅವನು ಮನೆಗೆ ಬಂದಾಗ ರಾಜೀವಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಳು. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ತಾಗುವಷ್ಟು ಬಂದಿದ್ದವು. ಅವನು ಎದುರಿಗೆ ನೆಲದ ಮೇಲೆ ಕೂತು ನೋಟ್‌ಬುಕ್ಕನ್ನೂ ಅದರ ಮೇಲೆ ಹಾಲ್ ಟಿಕೆಟನ್ನೂ ಇಟ್ಟ.

"ಅಕ್ಕ, ನೀನು ಫೇಲ್ ಆದದ್ದಲ್ಲ."

"ಅಲ್ಲ," ಎಂದಳು ರಾಜೀವಿ. ಕೈಯಲ್ಲಿದ್ದ ಬೀಜವನ್ನು ಪೂರ್ತಿ ಸುಲಿದು ಪಾತ್ರೆಗೆ ಹಾಕಿದಳು. "ಬರೆಯಲಿಲ್ಲ."

ಮೊದಲ ದಿನ ಹೊರಟಿದ್ದಳಂತೆ. ಪೆನ್ನು, ಹಾಲ್ ಟಿಕೆಟು ಹಿಡಿದುಕೊಂಡು ಬಸ್‌ಸ್ಟಾಪಿನವರೆಗೆ ಹೋಗಿದ್ದಳು. ಪಕ್ಕದ ಮನೆಯವರಿಗೆ ಹುಡುಗನನ್ನು ನೋಡಿಕೊಳ್ಳಿ ಎಂದು ಹೇಳಿಯೂ ಆಗಿತ್ತು. ಹೊರಡುವಾಗ ಅವನು ಹಳದಿ ವಾಂತಿ ಮಾಡಿ, ಅದನ್ನು ತಾನೇ ಒರೆಸಲು ಹೋಗಿದ್ದ, ಅಕ್ಕನಿಗೆ ತಡವಾಗುತ್ತದೆ ಎಂದು. ಅದು ಕಣ್ಣ ಮುಂದಿನಿಂದ ಹೋಗಲಿಲ್ಲ. ಬಸ್ ಬಂತು, ನಿಂತಿತು, ಹೋಯಿತು. ಅವಳು ತಿರುಗಿ ಬಂದಳು. ಒಂದು ಬರೆಯದ ಮೇಲೆ ಉಳಿದದ್ದು ಬರೆದು ಪ್ರಯೋಜನವಿಲ್ಲ ಎಂದು ಅಂದುಕೊಂಡಳು. ಆ ವಯಸ್ಸಿನಲ್ಲಿ ಹಾಗೇ ಕಂಡಿತು. ಸೆಪ್ಟೆಂಬರಿನಲ್ಲಿ ಮತ್ತೆ ಕಟ್ಟಬಹುದಿತ್ತು, ಅಷ್ಟರಲ್ಲಿ ಅಮ್ಮನ ಸೊಂಟ ಹೋಯಿತು, ಬುಟ್ಟಿ ಇವಳ ತಲೆಗೆ ಬಂತು.

"ನನಗೆ ಯಾಕೆ ಹೇಳ್ಲಿಲ್ಲ?" ಎಂದು ಅವನು ಕೇಳಿದ.

"ಹೇಳಿದ್ರೆ ನೀನು ಮತ್ತೆ ನನ್ನ ಹತ್ರ ಜಗಳ ಮಾಡ್ತಿರಲಿಲ್ಲ ಕಮ್ಮು. ಜಗಳ ಮಾಡದ ತಮ್ಮ ನನಗೆ ಎಂತಕ್ಕೆ?"

ಅವನು ತಲೆ ತಗ್ಗಿಸಿ ಒಂದು ಬೀಜ ತೆಗೆದುಕೊಂಡ. ಅದರ ಸಿಪ್ಪೆ ಅವನ ಉಗುರಿಗೆ ಸಿಗಲಿಲ್ಲ. ಅಂದು ಊಟದ ಹೊತ್ತಿನಲ್ಲಿ ಹೇಳಿದ ಮಾತು ನೆನಪುಂಟಾ ಎಂದು ಕೇಳಿದ. ಉಂಟು ಎಂದಳು. ಎರಡು ದಿನ ಬೇಜಾರಾಗಿತ್ತು, ಮೂರನೇ ದಿನ ನೀನು ಟೈಫಾಯ್ಡ್ ಅಂತ ಮಲಗಿದೆ, ಬೇಜಾರು ಮಾಡಲಿಕ್ಕೆ ಪುರುಸೊತ್ತು ಎಲ್ಲಿ ಇತ್ತು, ಎಂದು ನಕ್ಕಳು. ಅವನಿಗೆ ನಗಲಾಗಲಿಲ್ಲ. ತಪ್ಪಾಯಿತು ಅಕ್ಕ ಎಂದ. ಅವಳು ಸರಿಯಾಗಿ ಮಡಚದ ಆ ಕೈಯನ್ನು ಅವನ ತಲೆಯ ಮೇಲೆ ಇಟ್ಟಳು. ಯಶ್ಮಿತಾ ಕೊಟ್ಟಾರದ ಆಫೀಸಿನಿಂದ ಬಂದು ಬಾಗಿಲಲ್ಲಿ ನಿಂತವಳು, ಚಪ್ಪಲಿಯ ಸದ್ದು ಮಾಡದೆ ಒಳಗೆ ಹೋದಳು.

"ಇಕನಾಮಿಕ್ಸ್ ನನಗೆ ಚೆನ್ನಾಗಿ ಬರ್ತಿತ್ತು," ಎಂದಳು ರಾಜೀವಿ, ಇನ್ನೊಂದು ಬೀಜ ತೆಗೆದುಕೊಂಡು. "ಅದೊಂದು ಉಂಟು ಮನಸ್ಸಿನಲ್ಲಿ. ಸುಳ್ಳು ಹೇಳುವುದಿಲ್ಲ."

ಎರಡು ದಿನ ಅವನು ಕಂಪ್ಯೂಟರಿನ ಹತ್ತಿರ ಹೋಗಲಿಲ್ಲ. ಆದಿತ್ಯವಾರ ಬೆಳಿಗ್ಗೆ ತಿಂಡಿಯಾದ ಮೇಲೆ ರಾಜೀವಿಯೇ ಕುರ್ಚಿ ಎಳೆದು ಕೂತಳು. ಬಾಗಿಲು ಸರಿಯಾಗದಿದ್ದರೆ ಬೇಡ, ಮೊದಲಿನಿಂದ ಶುರು ಮಾಡುವ, ಅಜ್ಜೆರನ್ನು ಬಣ್ಣದಲ್ಲಿ ಸರಿಯಾಗಿ ನೋಡಲೇ ಇಲ್ಲ, ಗೆರೆಗಳ ಗಲಾಟೆಯಲ್ಲಿ ಹೋಯಿತು ಎಂದಳು. ಕಮಲೇಶ್ ಹಿಡಿದಿಟ್ಟದ್ದನ್ನೆಲ್ಲ ಬಿಟ್ಟು ಗೇಮನ್ನು ಹೊಸದಾಗಿ ತೆರೆದ. ಸೆಟ್ಟಿಂಗು ಕೊನೆಗೆ ಹಾಕಿದ್ದ ಸಾಫ್ಟ್‌ವೇರ್ ವಿಧಾನದಲ್ಲೇ ಇತ್ತು. ಬಾಲೆ ದೋಣಿ ಹತ್ತಿದಳು. ದೋಣಿಯ ಕೆಳಗೆ ನೀರಿನಲ್ಲಿ ಒಂದು ತೆಳ್ಳನೆಯ, ಅಲುಗಾಡುವ ನೆರಳು.

ಕಮಲೇಶ್ ಎದ್ದು ನಿಂತ.

ಸೆಟ್ಟಿಂಗು ಮೂರನೇ ಸಂಜೆಯೇ ಸರಿಯಾಗಿತ್ತು. ಅವನು ಪ್ರತಿ ಸಲ ತೆರೆಯುತ್ತಿದ್ದದ್ದು ಕಂಪ್ಯೂಟರ್ ಹಿಡಿದಿಟ್ಟಿದ್ದ ಆ ಜಾಗವನ್ನು. ಹಿಡಿದಿಟ್ಟಾಗಲೇ ಎಲೆಯೂ ದೀಪವೂ ಕೆಟ್ಟಿದ್ದವು. ಕೆಟ್ಟ ಚಿತ್ರವೂ ಅದರ ಜೊತೆಗೇ ಸೇರಿ ಉಳಿದಿತ್ತು. ಯಾವ ವಿಧಾನ ಹಾಕಿದರೂ ಆ ಹಳೆಯ ಕಪ್ಪು ಚೌಕವೇ ಎದ್ದು ಬರುತ್ತಿತ್ತು. ಗೇಮನ್ನು ಮೊದಲಿನಿಂದ ತೆರೆದು, ಗೇಮಿನ ಒಳಗಿನ ಸೇವ್‌ನಲ್ಲೇ ಉಳಿಸುತ್ತ ಹೋದರೆ ಸಾಕಿತ್ತು. ಬೋಟಿನ ಹುಡುಗರಿಗೆ ದಿನಾ ಹೇಳುವ ಮಾತು, ಸೆಟ್ಟಿಂಗ್ ಬದಲಿಸಿದರೆ ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿ ಎಂದು. ಅದನ್ನು ತಾನೇ ಮಾಡಿರಲಿಲ್ಲ. ಅಕ್ಕನಿಗೆ ಹೇಳಿದಾಗ, ನೀನು ಮೀನು ವ್ಯಾಪಾರಕ್ಕೆ ಆಗ್ಲಿಕ್ಕಿಲ್ಲ ಮಾರಾಯ, ಎಂದಷ್ಟೇ ಹೇಳಿ ಅವಳು ದೋಣಿ ಮುಂದಕ್ಕೆ ಹಾಕಿದಳು.

ಈ ಸಲ ದ್ವೀಪಗಳನ್ನು ಅವಳು ಅವಸರವಿಲ್ಲದೆ ನೋಡಿದಳು. ಅಜ್ಜೆರ್‌ನ ಗಡ್ಡ ಬಿಳಿ, ಅಂಗಿ ಹಸಿರು. ಐದನೇ ದ್ವೀಪದ ಮರಗಳೆಲ್ಲ ಗುಲಾಬಿ ಹೂಬಿಟ್ಟಿದ್ದವು. ಅವನ್ನು ಅಂದು ಒಣಗಿದ ಮರ ಎಂದು ತಮ್ಮನಿಗೆ ಹೇಳಿದ್ದಳು, ಅಲ್ಲಿ ಬಾಲೆ ಅತ್ತದ್ದಕ್ಕೆ ಒಂದು ಕತೆಯನ್ನೂ ಕಟ್ಟಿದ್ದಳು. ನೋಟ್‌ಬುಕ್ಕಿನ ನಕಾಶೆ ಪಕ್ಕದಲ್ಲೇ ಇತ್ತು. ದಾರಿ ಒಂದೂ ತಪ್ಪಿರಲಿಲ್ಲ.

ಜುಲೈ ಕೊನೆಯ ಆದಿತ್ಯವಾರ ಬಾಗಿಲಿಗೆ ಬಂದರು. ಯಶ್ಮಿತಾಳೂ ಚಹಾ ಹಿಡಿದುಕೊಂಡು ಹಿಂದೆ ನಿಂತಳು. ಹಕ್ಕಿ ಬಂತು. ಬಾಯಲ್ಲಿ ಕೆಂಪು ಎಲೆ. ನಾಲ್ಕು ದೀಪ, ಕೆಂಪು, ಹಳದಿ, ನೀಲಿ, ಹಸಿರು. ರಾಜೀವಿ ಹೆಬ್ಬೆರಳಿನಿಂದ ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಿತು. ಮುಂದಿನದು ಹಸಿರು, ಆಮೇಲೆ ಮತ್ತೆ ಹಸಿರು. ನಾಲ್ಕನೆಯದಕ್ಕೆ ಬೆರಳು ತಡವಾಯಿತು, ಎಲ್ಲ ಆರಿದವು. ಮತ್ತೆ. ಈ ಸಲ ಐದಕ್ಕೆ ತಪ್ಪಿತು. ಮತ್ತೆ ಎರಡಕ್ಕೆ. ಬಣ್ಣ ಗೊತ್ತಾಗುತ್ತಿತ್ತು, ಹೆಬ್ಬೆರಳು ಹೋಗುತ್ತಿರಲಿಲ್ಲ. ಅವಳ ಮೂಗಿನ ಮೇಲೆ ಬೆವರು ಬಂತು. ನಾನು ಒತ್ತಲಾ ಎಂದು ಕಮಲೇಶ್ ಕೈ ಚಾಚಿದ.

"ಬೇಡ. ನೀನು ಬಣ್ಣ ಹೇಳು ಸಾಕು."

ಅವನು ಹೇಳತೊಡಗಿದ. ನೀಲಿ. ಹಳದಿ. ನೀಲಿ. ಕೆಂಪು. ಅವಳ ಕಣ್ಣು ಪರದೆ ಬಿಟ್ಟು ಹೆಬ್ಬೆರಳಿನ ಮೇಲೆ ನಿಂತಿತು. ಹಸಿರು. ಹಸಿರು. ಏಳನೆಯ ಸಲ ಹಕ್ಕಿ ಬಂದು, ಎಲೆಯನ್ನು ಬಾಲೆಯ ಕೈಗೇ ಕೊಟ್ಟು ಹಾರಿಹೋಯಿತು. ಹಳದಿ ಎಂದ ಅವನು, ಬಹಳ ಮೆಲ್ಲಗೆ. ಅವಳು ಒತ್ತಿದಳು.

ಕಲ್ಲು ಕಲ್ಲಿಗೆ ಉಜ್ಜುವ ಸದ್ದಿನೊಂದಿಗೆ ಬಾಗಿಲು ತೆರೆಯಿತು. ಆಚೆ ಬೆಳಕು. ದೋಣಿ ತನ್ನಷ್ಟಕ್ಕೆ ಮುಂದೆ ಹೋಯಿತು. ಅಲ್ಲಿಗೆ ಕತೆ ಮುಗಿದು ಬಾಲೆ ಮನೆ ಸೇರುತ್ತಾಳೆ ಎಂದು ಇಬ್ಬರೂ ಇಷ್ಟು ವರ್ಷ ನಂಬಿದ್ದರು. ಪರದೆಯಲ್ಲಿ ಒಂದು ಹೊಸ ನಕಾಶೆ ಬಿಚ್ಚಿಕೊಂಡಿತು.

ದ್ವೀಪಗಳನ್ನು ಯಶ್ಮಿತಾ ಎಣಿಸಿದಳು. ಇಪ್ಪತ್ತಾರು ಇದ್ದವು.

"ಇನ್ನೂ ಇಷ್ಟು ಉಂಟಾ ಮಾರಾಯ," ಎಂದಳು ರಾಜೀವಿ. ನಗು ಎಲ್ಲಿಂದಲೋ ಉಕ್ಕಿ ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಇಪ್ಪತ್ತು ನಿಮಿಷ ಆಗಿ ಎಷ್ಟೋ ಹೊತ್ತಾಗಿತ್ತು. ಬೆನಿಟಾಗೆ ಹೇಳಬೇಡ ಎಂದು ತಮ್ಮನಿಗೆ ತಾಕೀತು ಮಾಡಿದಳು.

ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದವು. ಕಮಲೇಶನಿಗೆ ಬೆಳಿಗ್ಗೆ ಆರರಿಂದಲೇ ಕೆಲಸ. ರಾಜೀವಿ ಶಕ್ತಿನಗರಕ್ಕೆ ಮರಳಿದಳು. ತಿಂಗಳ ಕೊನೆಗೆ ಸಣ್ಣ ಬುಟ್ಟಿ ಹಿಡಿದು ಹತ್ತು ಮನೆಗೆ ಹೋಗತೊಡಗಿದಳು. ಬಂಗುಡೆ ಕತ್ತರಿಸಲು ಕೈ ಬಂತು, ಅಂಜಲ್ ಎಂಬ ದೊಡ್ಡ ಮೀನಿನ ಮುಳ್ಳಿಗೆ ಇನ್ನೂ ಬಲ ಸಾಲದು. ಕಮಲೇಶ್ ಕಂಪ್ಯೂಟರನ್ನು ಅವಳ ಮನೆಗೆ ಒಯ್ದು ಜೋಡಿಸಿಕೊಟ್ಟ. ಏನಾದರೂ ಕೆಟ್ಟರೆ ಯಾವುದರ ನಂತರ ಯಾವುದು ನೋಡಬೇಕು ಎಂದು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ. ಮೋಕ್ಷಾ ಹಾಲ್ ಟಿಕೆಟಿನ ವಿಷಯ ತಿಳಿದು, ಈಗಲೂ ಖಾಸಗಿಯಾಗಿ ಪರೀಕ್ಷೆ ಕಟ್ಟಬಹುದು ಅಮ್ಮ, ನಾನು ಫಾರ್ಮ್ ತರುತ್ತೇನೆ ಎಂದಳು. ನೋಡುವ ಎಂದಳು ರಾಜೀವಿ. ಅವಳು ಬೇಡ ಎನ್ನಬೇಕೆಂದರೆ ಬೇಡ ಎಂದೇ ಹೇಳುವವಳು, ಹಾಗಾಗಿ ಮೋಕ್ಷಾ ಫಾರ್ಮ್ ತಂದು ಮೇಜಿನ ಮೇಲಿಟ್ಟು ಹೋಗಿದ್ದಾಳೆ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಕಮಲೇಶ್ ಅಂಗಡಿಯಲ್ಲಿ ಒಂದು ಫಿಶ್ ಫೈಂಡರ್ ಬಿಚ್ಚಿ ಕೂತಿದ್ದ. ಅದರ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು, ಎದುರಿಗೆ ಕಾಯುತ್ತಿದ್ದರು. ಫೋನು ಬಂತು. ಅಕ್ಕ. ಹದಿನಾಲ್ಕನೇ ದ್ವೀಪದಲ್ಲಿ ಕಡಲೆಲ್ಲ ಬಿಳಿಯಾಗಿಹೋಗಿತ್ತು ಎಂದಳು. ಅವನು ತಾಂಡೇಲರಿಗೆ ಒಂದು ನಿಮಿಷ ಎಂದು ಸನ್ನೆ ಮಾಡಿ, ಗೋಡೆಯ ಕಾಗದದಲ್ಲಿ ಮೊದಲನೆಯದು ಓದು ಎನ್ನುವಷ್ಟರಲ್ಲಿ ಅವಳು ತಡೆದಳು. ಅದೆಲ್ಲ ಆಯಿತು. ಒಂದೊಂದೇ ಬದಲಿಸಿದೆ, ಪ್ರತಿ ಸಲ ಪೂರ್ತಿ ಮುಚ್ಚಿ ತೆರೆದೆ, ಚಿತ್ರ ಬಿಡಿಸುವ ವಿಧಾನದ ಸೆಟ್ಟಿಂಗು ನಾನೇ ಕೈತಪ್ಪಿ ಒತ್ತಿಬಿಟ್ಟಿದ್ದೆ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ, ಈಗ ಕಡಲು ನೀಲಿ, ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

ಮತ್ತೆ ಫೋನ್ ಯಾಕೆ ಮಾಡಿದ್ದು ಎಂದು ಅವನು ಕೇಳಿದ.

ಹದಿನೈದನೆಯ ದ್ವೀಪ ಕಾಣಿಸುತ್ತ ಉಂಟು, ದಡದಲ್ಲಿ ಒಬ್ಬಳು ಹೆಂಗಸು ಕೂತಿದ್ದಾಳೆ, ಅದನ್ನು ಹೇಳಲು ಮಾಡಿದ್ದು ಎಂದಳು. ಆದಿತ್ಯವಾರ ನಾನು ಬರುತ್ತೇನೆ, ಅಲ್ಲಿವರೆಗೆ ದೋಣಿ ಅಲ್ಲೇ ನಿಲ್ಲಿಸು, ಒಟ್ಟಿಗೆ ಹೋಗುವ ಎಂದ ಕಮಲೇಶ್. ಆ ಕಡೆಯಿಂದ ಗುಂಡಿ ಒತ್ತುವ ಸಣ್ಣ ಸದ್ದು ಕೇಳಿಸುತ್ತಿತ್ತು, ಒಂದೇ ಸಮನೆ.

"ಆದಿತ್ಯವಾರದವರೆಗೆ ಕಾಯ್ಲಿಕ್ಕೆ ಆಗ್ಲಿಕ್ಕಿಲ್ಲ ಕಮ್ಮು," ಎಂದಳು ರಾಜೀವಿ. "ನಾನು ಹೋಗಿರ್ತೇನೆ. ನೀನು ಬಂದ ಮೇಲೆ ಹೇಳ್ತೇನೆ."